ಎರಡನೇ ಗೆರೆಗೆ ಗೊತ್ತಿರುವುದೆಷ್ಟು?

ಹಾಸನದ ಕಡೆಯಿಂದ ಒಬ್ಬ ಅಜ್ಜಿ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಎರಡು ಕಡೆ ಅಡಿಗೆರೆ ಎಳೆದಿದ್ದಾರೆ, ಹಾಕುವುದಿಲ್ಲ. ವಿಷಯ ಇಷ್ಟು. ಅವರ ಕಿರಿ ಸೊಸೆಗೆ ಎರಡು ತಿಂಗಳ ಬಸಿರು ನಿಲ್ಲಲಿಲ್ಲ. ಆಸ್ಪತ್ರೆಗೆ ಹೋಗಿ ಬಂದ ಹದಿನೈದು ದಿನಕ್ಕೆ, ಮನೆಯಲ್ಲಿ ಉಳಿದಿದ್ದ ಒಂದು ಕಿಟ್‌ನಲ್ಲಿ ಸೊಸೆ ಪರೀಕ್ಷೆ ಮಾಡಿಕೊಂಡರೆ ಎರಡು ಗೆರೆ ಬಂತು. ದೇವರಿಗೆ ತುಪ್ಪದ ದೀಪ ಹಚ್ಚಿದರು, ಬೀಗರಿಗೆ ಫೋನ್ ಹೋಯಿತು. ಮೂರು ದಿನದ ಮೇಲೆ ಡಾಕ್ಟರು ನೋಡಿ, "ಇದು ಹೊಸದಲ್ಲಮ್ಮ, ಹಳೆಯದರ ಉಳಿಕೆ" ಅಂದರಂತೆ. ಅಜ್ಜಿ ಕೇಳಿರುವುದು ಎರಡು ಪ್ರಶ್ನೆ. ಆ ಗೆರೆ ಸುಳ್ಳು ಹೇಳಿತೇ? ಏಳನೇ ಕ್ಲಾಸಿನ ಮೊಮ್ಮಗಳು "ಚಿಕ್ಕಮ್ಮ ಯಾಕೆ ಎರಡನೇ ಸಲ ಅತ್ತರು?" ಅಂತ ಕೇಳುತ್ತಾಳೆ, ಅವಳಿಗೆ ಏನು ಹೇಳಲಿ?

ಮಕ್ಕಳೂ ಓದುವ ಪುಟದಲ್ಲಿ ಈ ಮಾತು ಬೇಕೇ ಎಂದು ಕೆಲವು ಹಿರಿಯರು ಹುಬ್ಬೇರಿಸಬಹುದು. ಬೇಕು ಅಂತಲೇ ನನ್ನ ಎಣಿಕೆ. ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಪಾಠವಿದೆ. ಧಾರಾವಾಹಿಯ ನಡುವೆ ಕಿಟ್‌ನ ಜಾಹೀರಾತು ಬರುವಾಗ ತಾತ ರಿಮೋಟ್ ಹುಡುಕುವುದನ್ನು ಮಕ್ಕಳು ನೋಡಿಯೇ ಇರುತ್ತಾರೆ. ಮನೆಯಲ್ಲಿ ದೊಡ್ಡವರು ಅತ್ತರೆ ಅದೂ ಅವರ ಕಣ್ಣಿಗೆ ಬೀಳುತ್ತದೆ. ಕಾರಣ ಹೇಳದೇ ಬಿಟ್ಟರೆ, ತನ್ನಿಂದಲೇ ಏನೋ ಆಯಿತು ಎಂದುಕೊಂಡು ಒಳಗೇ ಕೊರಗುವ ಮಕ್ಕಳುಂಟು.

ಮೊದಲ ಪ್ರಶ್ನೆಗೆ ಉತ್ತರ: ಗೆರೆ ಸುಳ್ಳು ಹೇಳಲಿಲ್ಲ. ಅದಕ್ಕೆ ಗೊತ್ತಿರುವುದೇ ಒಂದು ಸಂಗತಿ. ಬಸಿರು ಕಟ್ಟಿದ ಮೇಲೆ, ಮುಂದೆ ಮಾಸು ಆಗಬೇಕಾದ ಜೀವಕೋಶಗಳು (ಪಾಠದಲ್ಲಿ ಇದನ್ನೇ ಜರಾಯು ಎಂದು ಓದುತ್ತೀರಿ) ಒಂದು ಹಾರ್ಮೋನನ್ನು ತಯಾರಿಸತೊಡಗುತ್ತವೆ. ಅದರ ಪೂರ್ತಿ ಹೆಸರು ಉದ್ದ. ಎಲ್ಲರೂ ಎಚ್‌ಸಿಜಿ ಅನ್ನುತ್ತಾರೆ. ಅದು ರಕ್ತಕ್ಕೆ ಸೇರುತ್ತದೆ, ಮೂತ್ರದಲ್ಲಿ ಹೊರಗೆ ಬರುತ್ತದೆ. ಕಿಟ್‌ಗೆ ಎರಡು ಮೂರು ಹನಿ ಮೂತ್ರ ಬಿಟ್ಟಾಗ, ಅದರಲ್ಲಿ ಎಚ್‌ಸಿಜಿ ಇದ್ದರೆ 'ಟಿ' ಅಕ್ಷರದ ಎದುರು ಗೆರೆ ಮೂಡುತ್ತದೆ. 'ಸಿ' ಎದುರಿನ ಗೆರೆ ಕಿಟ್ ಸರಿಯಾಗಿ ಕೆಲಸ ಮಾಡಿದೆ ಎನ್ನುವುದಕ್ಕೆ ರುಜು, ಅಷ್ಟೇ. ಹೊಟ್ಟೆಯಲ್ಲಿ ಮಗು ಬೆಳೆಯುತ್ತಿದೆಯೇ ಎಂದು ಕಿಟ್‌ಗೆ ಗೊತ್ತಿಲ್ಲ. ಎಚ್‌ಸಿಜಿ ಇದೆಯೇ ಎಂದಷ್ಟೇ ಗೊತ್ತು.

ಮೂವತ್ತು ಚಿಲ್ಲರೆ ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತವನಿಗೆ ಇದು ಬೇಗ ಅರ್ಥವಾಗುತ್ತದೆ. ಯಾರದೋ ಖಾತೆಯಲ್ಲಿ ಈವತ್ತು ಎಂಟುನೂರು ರೂಪಾಯಿ ಇದೆ. ಇದು ಹೊಸದಾಗಿ ಉಳಿತಾಯ ಶುರುಮಾಡಿದವರ ಎಂಟುನೂರೋ, ಲಕ್ಷ ಇದ್ದ ಖಾತೆ ಬರಿದಾಗುತ್ತಾ ಬಂದು ಉಳಿದ ಎಂಟುನೂರೋ? ಆ ಒಂದು ಅಂಕಿ ನೋಡಿ ಯಾವ ಮ್ಯಾನೇಜರೂ ಹೇಳಲಾರ. ಪಾಸ್‌ಬುಕ್ಕಿನಲ್ಲಿ ಹಿಂದಿನ ಸಾಲು ಬೇಕು, ಮುಂದಿನ ಸಾಲೂ ಬೇಕು. ಕಿಟ್‌ನದು ಇನ್ನೂ ಕಷ್ಟ. ಅದು ಅಂಕಿಯನ್ನೂ ಹೇಳುವುದಿಲ್ಲ. ಖಾತೆಯಲ್ಲಿ ಏನೋ ಇದೆ ಎಂದಷ್ಟೇ ಹೇಳುತ್ತದೆ.

ಬಸಿರು ನಿಂತುಹೋದ ದಿನವೇ ಎಚ್‌ಸಿಜಿ ಸೊನ್ನೆಗೆ ಇಳಿಯುವುದಿಲ್ಲ. ಮಕ್ಕಳೇ, ಪೆನ್ಸಿಲ್ ತೆಗೆದುಕೊಳ್ಳಿ. ಅಂಗಡಿಯಲ್ಲಿ ಸಿಗುವ ಬಹಳಷ್ಟು ಕಿಟ್‌ಗಳು ಈ ಹಾರ್ಮೋನು ಸುಮಾರು 25 ಯೂನಿಟ್ ಮುಟ್ಟಿದರೆ ಗೆರೆ ತೋರಿಸುತ್ತವೆ. ಎರಡು ತಿಂಗಳ ಬಸಿರಿನಲ್ಲಿ ಅದೇ ಹಾರ್ಮೋನು ಹತ್ತಾರು ಸಾವಿರಕ್ಕೆ ಏರಿರುತ್ತದೆ. ಲೆಕ್ಕಕ್ಕೆ 51,200 ಅಂತ ಇಟ್ಟುಕೊಳ್ಳಿ. ಎರಡು ದಿನಕ್ಕೊಮ್ಮೆ ಅರ್ಧವಾಗುತ್ತಾ ಬಂದರೆ 25,600, 12,800, 6,400, 3,200, 1,600, 800, 400, 200, 100, 50, ಕೊನೆಗೆ 25. ಹನ್ನೊಂದು ಸಲ ಅರ್ಧ ಮಾಡಿದ್ದೀರಿ, ಅಂದರೆ 22 ದಿನ. ಹದಿನೈದನೇ ದಿನ ಆ ಮನೆಯಲ್ಲಿ ಗೆರೆ ಬಂದದ್ದರಲ್ಲಿ ಆಶ್ಚರ್ಯವೇನಿದೆ? ಅದೇ, ಬಸಿರು ಇನ್ನೂ ಎಳೆಯದಿದ್ದು 400ರಲ್ಲೇ ನಿಂತಿದ್ದರೆ? ನಾಲ್ಕು ಅರ್ಧ, ಎಂಟು ದಿನ.

ದೇಹ ನಮ್ಮ ಲೆಡ್ಜರಿನಷ್ಟು ಅಚ್ಚುಕಟ್ಟಾಗಿ ನಡೆಯುವುದಿಲ್ಲ ಎನ್ನುವುದು ಬೇರೆ ಮಾತು. ಮೊದಮೊದಲು ಬೇಗ ಇಳಿಯುತ್ತದೆ, ಕೊನೆಗೆ ನಿಧಾನವಾಗುತ್ತದೆ. ಕೆಲವರಿಗೆ ಒಂದೇ ವಾರಕ್ಕೆ ಗೆರೆ ಹೋಗುತ್ತದೆ, ಹಲವರಿಗೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಹಾಗೆಂದು ಸುಮ್ಮನೆ ಕಾಯುತ್ತಾ ಕೂರುವ ಹಾಗೂ ಇಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಕೆಲವು ಹೆಣ್ಣುಮಕ್ಕಳು ದಿನಕ್ಕೊಂದು ಕಿಟ್ ತಂದು, ನಿನ್ನೆಯ ಗೆರೆಯ ಪಕ್ಕ ಈವತ್ತಿನದನ್ನು ಇಟ್ಟು, ಗಾಢವಾಯಿತೇ ಮಸುಕಾಯಿತೇ ಎಂದು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರಂತೆ. ಪಾಪ, ಅವರ ತಳಮಳ ಅರ್ಥವಾಗುತ್ತದೆ. ಆದರೆ ಈ ಹೋಲಿಕೆಯನ್ನು ನಂಬುವ ಹಾಗಿಲ್ಲ. ರಾತ್ರಿ ಎರಡು ಲೋಟ ನೀರು ಹೆಚ್ಚು ಕುಡಿದಿದ್ದರೆ ಮೂತ್ರ ತೆಳುವಾಗಿ ಗೆರೆಯೂ ತೆಳುವಾಗುತ್ತದೆ. ಎರಡು ಬೇರೆ ಕಂಪನಿಯ ಕಿಟ್‌ಗಳು ಒಂದೇ ದಿನ ಎರಡು ಬಗೆಯ ಗೆರೆ ತೋರಿಸಬಹುದು. ಪೊಟ್ಟಣದ ಮೇಲೆ ಬರೆದ ಐದೋ ಹತ್ತೋ ನಿಮಿಷ ಕಳೆದ ಮೇಲೆ ಬಚ್ಚಲುಮನೆಯ ಕಟ್ಟೆಯಿಂದ ಎತ್ತಿ ನೋಡಿದರೆ, ತೇವ ಆರಿದ ಜಾಗದಲ್ಲಿ ಬೂದು ಬಣ್ಣದ ಒಂದು ಛಾಯೆ ಕಾಣುತ್ತದೆ. ಅದು ಗೆರೆಯೇ ಅಲ್ಲ. ಮಕ್ಕಳಾಗಲೆಂದು ಚಿಕಿತ್ಸೆ ಪಡೆಯುವವರಿಗೆ ಎಚ್‌ಸಿಜಿ ಇಂಜೆಕ್ಷನ್ನನ್ನೇ ಕೊಡುವುದುಂಟು; ಅದು ದೇಹದಿಂದ ಹೋಗುವ ತನಕ ಬರುವ ಗೆರೆ ಇಂಜೆಕ್ಷನ್ನಿನ ಗೆರೆಯೂ ಆಗಿರಬಹುದು.

ಈಗ ಮೆಡಿಕಲ್ ಶಾಪಿನಲ್ಲಿ ಕಿಟ್ ಸಲೀಸಾಗಿ ಸಿಗುತ್ತದೆ. ಆಶಾ ಕಾರ್ಯಕರ್ತೆಯರ ಚೀಲದಲ್ಲಿ ಸರ್ಕಾರದ 'ನಿಶ್ಚಯ್' ಕಿಟ್ ಬಂದೂ ಹಲವು ವರ್ಷಗಳಾದವು. ನಮ್ಮ ಅಮ್ಮಂದಿರ ಕಾಲಕ್ಕೆ ಇದಾವುದೂ ಇರಲಿಲ್ಲ. ಮುಟ್ಟು ತಪ್ಪಿದ ಲೆಕ್ಕ, ಹುಳಿಯ ಆಸೆ, ಸೂಲಗಿತ್ತಿಯ ಕೈ, ಇಷ್ಟೇ. ಜಗತ್ತಿನ ಬೇರೆ ಕಡೆ ಆಗ ಏನು ನಡೆಯುತ್ತಿತ್ತು ಎಂದರೆ ಮಕ್ಕಳಿಗೆ ನಗು ಬರಬಹುದು. 1920ರ ದಶಕದ ಕೊನೆಯಲ್ಲಿ ಬರ್ಲಿನ್ನಿನ ಆಶ್‌ಹೈಮ್ ಮತ್ತು ಝೋಂಡೆಕ್ ಎಂಬ ಇಬ್ಬರು, ಹೆಂಗಸಿನ ಮೂತ್ರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿ, ಕೆಲವು ದಿನ ಬಿಟ್ಟು ಇಲಿಗಳನ್ನು ಕೊಯ್ದು ಅಂಡಾಶಯ ನೋಡುವ ವಿಧಾನ ಕಂಡುಹಿಡಿದರು. ಆಮೇಲೆ ಮೊಲ ಬಂತು. ಅದರ ನಂತರ, ಕೇಪ್‌ಟೌನಿನಲ್ಲಿದ್ದ ಲ್ಯಾನ್ಸ್‌ಲಾಟ್ ಹಾಗ್‌ಬೆನ್ ಎಂಬ ವಿಜ್ಞಾನಿಯ ಕೆಲಸದಿಂದ, ಹಿಂಗಾಲಿನ ಬೆರಳಿಗೆ ಉಗುರಿರುವ ಒಂದು ಆಫ್ರಿಕನ್ ಕಪ್ಪೆ. ಬಸುರಿಯ ಮೂತ್ರದ ಸಾರ ಚುಚ್ಚಿದರೆ ಆ ಕಪ್ಪೆ ಬೆಳಗಾಗುವುದರೊಳಗೆ ಮೊಟ್ಟೆ ಇಡುತ್ತಿತ್ತು! ಕಪ್ಪೆಯನ್ನು ಕೊಲ್ಲಬೇಕಾಗಿರಲಿಲ್ಲ, ಸ್ವಲ್ಪ ದಿನ ಬಿಟ್ಟು ಅದೇ ಕಪ್ಪೆ ಮತ್ತೆ ಕೆಲಸಕ್ಕೆ. 1960ರ ದಶಕದವರೆಗೂ ಆಸ್ಪತ್ರೆಗಳಲ್ಲಿ ತೊಟ್ಟಿ ಕಟ್ಟಿಸಿ ಈ ಕಪ್ಪೆಗಳನ್ನು ಸಾಕುತ್ತಿದ್ದರು.

ಮನೆಯ ಕಿಟ್‌ನ ಕಥೆ ಅಮೆರಿಕದಲ್ಲಿ 1967ರಲ್ಲಿ ಶುರುವಾಗುತ್ತದೆ. ಮಾರ್ಗರೆಟ್ ಕ್ರೇನ್ ಎಂಬ 26 ವರ್ಷದ ಯುವತಿ ನ್ಯೂಜೆರ್ಸಿಯ ಔಷಧ ಕಂಪನಿಯೊಂದರಲ್ಲಿ ಚಿತ್ರವಿನ್ಯಾಸದ ಕೆಲಸಕ್ಕಿದ್ದಳು. ವಿಜ್ಞಾನ ಓದಿದವಳಲ್ಲ. ಪ್ರಯೋಗಾಲಯದಲ್ಲಿ ಸಾಲಾಗಿ ಗಾಜಿನ ನಳಿಗೆಗಳು, ಅವುಗಳ ಕೆಳಗೆ ಕನ್ನಡಿ ಕಂಡಳು. ಡಾಕ್ಟರುಗಳು ಕಳಿಸಿದ ಮೂತ್ರದ ಪರೀಕ್ಷೆ ಅದು. ಇಷ್ಟೇ ಆದರೆ ಹೆಂಗಸರು ಮನೆಯಲ್ಲೇ ಯಾಕೆ ಮಾಡಿಕೊಳ್ಳಬಾರದು ಎಂದುಕೊಂಡು, ಮೇಜಿನ ಮೇಲೆ ಪೇಪರ್ ಕ್ಲಿಪ್ ಹಾಕಿಡುವ ಪ್ಲಾಸ್ಟಿಕ್ ಡಬ್ಬಿಯನ್ನೇ ಮಾದರಿ ಮಾಡಿಕೊಂಡು, ಒಂದು ನಳಿಗೆ, ಒಂದು ಡ್ರಾಪರ್, ಅಡಿಯಲ್ಲಿ ಕನ್ನಡಿ ಕೂರಿಸಿದಳು. ಡಾಕ್ಟರುಗಳು ಮುನಿಸಿಕೊಂಡಾರು ಎಂದು ಕಂಪನಿಯವರು ಹಿಂಜರಿದರು. ಕೊನೆಗೆ ಅವಳ ಹೆಸರಿನಲ್ಲೇ ಪೇಟೆಂಟ್ ಆಯಿತು. ಹಕ್ಕನ್ನು ಅವಳು ಕಂಪನಿಗೆ ಬರೆದುಕೊಟ್ಟದ್ದು ಒಂದು ಡಾಲರಿಗೆ. ಆ ಒಂದು ಡಾಲರೂ ಕೈಗೆ ಬರಲಿಲ್ಲ ಎಂದು ಆಮೇಲೆ ಹೇಳಿಕೊಂಡಿದ್ದಾಳೆ. (ಬ್ಯಾಂಕಿನವನಾದ ನನಗೆ ಈ ಬಾಕಿ ಇನ್ನೂ ಚುಚ್ಚುತ್ತದೆ.) ಅಮೆರಿಕದ ಅಂಗಡಿಗಳಿಗೆ ಇಂಥ ಕಿಟ್ ಬಂದದ್ದು 1970ರ ದಶಕದ ಕೊನೆಗೆ, ಉತ್ತರಕ್ಕೆ ಎರಡು ಗಂಟೆ ಕಾಯಬೇಕಿತ್ತು. ಈಗಿನ ಗೆರೆಯ ಪಟ್ಟಿ ಬಂದದ್ದು 1988ರಲ್ಲಿ.

ಇಲಿ, ಮೊಲ, ಕಪ್ಪೆ, ಕನ್ನಡಿ, ಗೆರೆ, ಎಲ್ಲವೂ ಹುಡುಕಿದ್ದು ಅದೇ ಹಾರ್ಮೋನನ್ನು. ಬಸಿರು ನಿಂತುಹೋದ ಹೆಂಗಸಿನ ಮೂತ್ರ ಚುಚ್ಚಿದ್ದರೆ ಆ ಕಪ್ಪೆಯೂ ಒಂದಷ್ಟು ದಿನ ಮೊಟ್ಟೆ ಇಡುತ್ತಲೇ ಇರುತ್ತಿತ್ತು.

ಇನ್ನು ಎರಡನೆಯ ಬಗೆಯ ಕಿಟ್. ಇದು ಹಿರಿಯರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ತಿಂಗಳಲ್ಲಿ ಅಂಡ ಬಿಡುಗಡೆಯಾಗುವ ಒಂದು ದಿನವಿದೆಯಲ್ಲ, ಅದಕ್ಕೆ ಒಂದು ಒಂದೂವರೆ ದಿನ ಮುಂಚೆ ಎಲ್‌ಎಚ್ ಎಂಬ ಇನ್ನೊಂದು ಹಾರ್ಮೋನು ಜೋರಾಗಿ ಏರುತ್ತದೆ. ಅದನ್ನು ತೋರಿಸುವುದು ಅಂಡೋತ್ಪತ್ತಿಯ ಕಿಟ್. ಒಮ್ಮೆ ಕಳೆದುಕೊಂಡ ದಂಪತಿ ಮತ್ತೆ ಆಸೆಯಿಟ್ಟುಕೊಂಡು ಇದನ್ನು ತರುತ್ತಾರೆ. ಇದನ್ನು ಓದುವ ಕ್ರಮವೇ ಬೇರೆ. ಬಸಿರಿನ ಕಿಟ್‌ನಲ್ಲಿ ಹೇಳಿದ ಸಮಯದೊಳಗೆ ಮೂಡಿದ ಗೆರೆ ಮಸುಕಾಗಿದ್ದರೂ ಲೆಕ್ಕಕ್ಕೆ ಬರುತ್ತದೆ. ಎಲ್‌ಎಚ್ ಮಾತ್ರ ದೇಹದಲ್ಲಿ ಸದಾ ಸ್ವಲ್ಪ ಇದ್ದೇ ಇರುವುದರಿಂದ, ಇಲ್ಲಿ ಮಸುಕು ಗೆರೆಗೆ ಬೆಲೆಯಿಲ್ಲ. 'ಟಿ' ಗೆರೆ 'ಸಿ' ಗೆರೆಯಷ್ಟಾದರೂ ಗಾಢವಾಗಿರಬೇಕು.

ಬಸಿರು ನಿಂತ ಹೊಸದರಲ್ಲಿ ಈ ಕಿಟ್ ದಿನವೂ ಎರಡು ಗಾಢ ಗೆರೆ ತೋರಿಸಿ ಗೊಂದಲ ಮಾಡಬಹುದು. ಯಾಕೆ? ಬ್ಯಾಂಕಿನ ಲಾಕರ್ ನೋಡಿದ್ದೀರಾ, ಮಕ್ಕಳೇ? ಒಂದು ಲಾಕರಿಗೆ ಎರಡು ಬೀಗದ ಕೈ. ಒಂದು ಬ್ಯಾಂಕಿನದು, ಅದು ಎಲ್ಲ ಲಾಕರಿಗೂ ಒಂದೇ. ಇನ್ನೊಂದು ಗಿರಾಕಿಯದು, ಅದು ಅವರ ಲಾಕರಿಗೆ ಮಾತ್ರ. ಈ ಹಾರ್ಮೋನುಗಳೂ ಹಾಗೆಯೇ ಎರಡು ತುಂಡು ಸೇರಿ ಆದವು. 'ಆಲ್ಫಾ' ಎಂಬ ತುಂಡು ಎಚ್‌ಸಿಜಿಗೂ ಎಲ್‌ಎಚ್‌ಗೂ ಒಂದೇ. ಥೈರಾಯ್ಡನ್ನು ಚುರುಕು ಮಾಡುವ ಹಾರ್ಮೋನಿಗೂ ಅದೇ. 'ಬೀಟಾ' ತುಂಡು ಮಾತ್ರ ಪ್ರತಿಯೊಂದಕ್ಕೂ ಬೇರೆ. ತಾಪತ್ರಯ ಏನೆಂದರೆ ಎಚ್‌ಸಿಜಿ ಮತ್ತು ಎಲ್‌ಎಚ್‌ನ ಬೀಟಾಗಳೂ ಅಕ್ಕತಂಗಿಯರ ಹಾಗೆ ಒಂದನ್ನೊಂದು ಹೋಲುತ್ತವೆ. ಉಳಿದಿರುವ ಎಚ್‌ಸಿಜಿಯನ್ನು ನೋಡಿ ಅಂಡೋತ್ಪತ್ತಿಯ ಕಿಟ್ "ಇಗೋ ಎಲ್‌ಎಚ್" ಎಂದುಬಿಡುತ್ತದೆ. ಬೀಟಾ ತುಂಡನ್ನೇ ಗುರುತು ಹಿಡಿದು ಇವೆರಡನ್ನು ಬೇರೆ ಮಾಡುವ ರಕ್ತಪರೀಕ್ಷೆಯನ್ನು ಅಮೆರಿಕದಲ್ಲಿ ಜುಡಿತ್ ವೈಟುಕೈಟಿಸ್ ಮತ್ತು ಅವರ ಸಂಗಡಿಗರು 1972ರಲ್ಲಿ ಪ್ರಕಟಿಸಿದರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಅವರು ಇಂಥ ಹಾರ್ಮೋನುಗಳ ಮೇಲೆಯೇ ದೀರ್ಘಕಾಲ ಕೆಲಸ ಮಾಡಿದವರು. ಪ್ರಾಜೆಕ್ಟ್ ಬರೆಯುವ ಮಕ್ಕಳು ಅವರ ಹೆಸರು ಗುರುತು ಹಾಕಿಕೊಳ್ಳಿ.

ಹಾಗಾದರೆ ಹಳೆಯ ಗೆರೆ ಯಾವುದು, ಹೊಸದು ಯಾವುದು ಎಂದು ತಿಳಿಯುವುದು ಹೇಗೆ? ನಡುವೆ ಒಂದು ಸೊನ್ನೆ ಬೀಳಬೇಕು. ಕಿಟ್‌ನಲ್ಲಿ 'ಟಿ' ಗೆರೆ ಪೂರ್ತಿ ಹೋಗಿ, ಆಮೇಲೆ ಮತ್ತೆ ಬಂದರೆ ಅದು ಹೊಸ ಜಮೆ ಎನ್ನಲು ಆಧಾರವಿದೆ. ಸೊನ್ನೆ ಕಾಣದೆ ಬಂದ ಗೆರೆ ಎರಡರಲ್ಲಿ ಯಾವುದೂ ಆಗಿರಬಹುದು, ಏಕೆಂದರೆ ಬಸಿರು ಬೇಗನೆ ನಿಂತವರಲ್ಲಿ ಎರಡೇ ವಾರಕ್ಕೆ ಮತ್ತೆ ಅಂಡ ಬಿಡುಗಡೆಯಾಗುವುದುಂಟು, ಮುಟ್ಟು ಬರುವ ಮೊದಲೇ. ಅಂಥ ಕಡೆ ಡಾಕ್ಟರು ರಕ್ತದಲ್ಲಿ ಬೀಟಾ ಎಚ್‌ಸಿಜಿ ಅಳೆಸುತ್ತಾರೆ, 48 ಗಂಟೆ ಬಿಟ್ಟು ಮತ್ತೆ ಅಳೆಸುತ್ತಾರೆ. ಪಾಸ್‌ಬುಕ್ಕಿನ ಎರಡು ಸಾಲು ಸಿಕ್ಕಿತು! ಏರುತ್ತಿದೆಯೋ ಇಳಿಯುತ್ತಿದೆಯೋ ಗೊತ್ತಾಗುತ್ತದೆ. ಜೊತೆಗೆ ಸ್ಕ್ಯಾನ್.

ಬ್ರಿಟನ್ನಿನಲ್ಲಿ, ತಾನಾಗಿಯೇ ಅಥವಾ ಮಾತ್ರೆಯಿಂದ ಗರ್ಭ ಇಳಿದವರಿಗೆ, ಮೂರು ವಾರದ ಮೇಲೆ ಮನೆಯಲ್ಲೇ ಕಿಟ್ ನೋಡಿ, ಗೆರೆ ಇನ್ನೂ ಇದ್ದರೆ ಆಸ್ಪತ್ರೆಗೆ ಬನ್ನಿ ಎಂದು ಹೇಳಿ ಕಳಿಸುವ ಪದ್ಧತಿ ಇದೆ. ನಮ್ಮಲ್ಲೂ ಡಾಕ್ಟರನ್ನು ಕೇಳಿ ಇಂಥದ್ದೊಂದು ದಿನ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಗೆರೆ ಹೋಗದೇ ಉಳಿದರೆ ಗರ್ಭಕೋಶದಲ್ಲಿ ಚೂರು ಉಳಿದಿರಬಹುದು, ಬಸಿರು ನಾಳದಲ್ಲಿ ಕಟ್ಟಿರಬಹುದು, ಅಪರೂಪಕ್ಕೆ ಮಾಸಿನ ಜೀವಕೋಶಗಳೇ ಬೇಡದ ರೀತಿ ಬೆಳೆಯುತ್ತಿರಬಹುದು. ಇವೆಲ್ಲಕ್ಕೂ ಚಿಕಿತ್ಸೆ ಇದೆ, ಆದರೆ ತಡಮಾಡಬಾರದು. ಜ್ವರ, ಕೆಟ್ಟ ವಾಸನೆಯ ಸ್ರಾವ, ಗಂಟೆಗೆರಡು ಪ್ಯಾಡ್ ತೊಯ್ಯುವಷ್ಟು ರಕ್ತ, ಹೊಟ್ಟೆಯ ಒಂದು ಪಕ್ಕ ಚುಚ್ಚುವ ನೋವು, ಹೆಗಲ ತುದಿಯಲ್ಲಿ ನೋವು, ತಲೆಸುತ್ತು, ಇವುಗಳಲ್ಲಿ ಒಂದು ಕಂಡರೂ ಕಿಟ್ ನೋಡುತ್ತಾ ಕೂರದೆ ಆಸ್ಪತ್ರೆಗೆ ಹೊರಡಬೇಕು. ಮತ್ತೆ ಯಾವಾಗ ಪ್ರಯತ್ನಿಸಬಹುದು ಎನ್ನುವುದನ್ನೂ ಡಾಕ್ಟರೇ ಹೇಳಲಿ. ಪಕ್ಕದ ಮನೆಯವರ ಪಂಚಾಂಗ ಬೇಡ.

ಇನ್ನು ಮೊಮ್ಮಗಳ ಪ್ರಶ್ನೆ. ಏಳನೇ ಕ್ಲಾಸಿನ ಹುಡುಗಿಗೆ ನಿಜವನ್ನೇ ಹೇಳಬಹುದು ಅಜ್ಜಿ. "ಚಿಕ್ಕಮ್ಮನ ಹೊಟ್ಟೆಯಲ್ಲಿ ಮಗು ಬೆಳೆಯೋಕೆ ಶುರುವಾಗಿತ್ತು, ನಿಂತುಹೋಯ್ತು ಪುಟ್ಟಿ. ಯಾರ ತಪ್ಪೂ ಅಲ್ಲ. ಆಮೇಲೆ ಕಿಟ್ ನೋಡಿ ಮತ್ತೆ ಆಸೆ ಹುಟ್ಟಿತು, ಅದೂ ಹೋಯ್ತು, ಅದಕ್ಕೇ ಎರಡನೇ ಸಲ ಅತ್ತಳು." ಇದಕ್ಕಿಂತ ಹೆಚ್ಚು ಅವಳೇ ಕೇಳಿದರೆ ಹೇಳಿ.

'ಯಾರ ತಪ್ಪೂ ಅಲ್ಲ' ಎನ್ನುವುದನ್ನು ಸಮಾಧಾನಕ್ಕಾಗಿ ಬರೆದದ್ದಲ್ಲ. ಗೊತ್ತಾದ ಬಸಿರುಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಹೀಗೆ ನಿಲ್ಲದೆ ಹೋಗುತ್ತವೆ, ಹೆಚ್ಚಿನವು ಮೊದಲ ಮೂರು ತಿಂಗಳಲ್ಲೇ. ಅವುಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ವರ್ಣತಂತುಗಳ ಏರುಪೇರು. 46 ಬರಬೇಕಾದ ಕಡೆ 45ೋ 47ೋ ಬಂದು, ಸಂಜೆಯ ಟ್ಯಾಲಿ ಕೂಡದ ಹಾಗೆ, ಶುರುವಿನಲ್ಲೇ ಲೆಕ್ಕ ತಪ್ಪಿರುತ್ತದೆ. ಸೊಸೆ ಬಿಂದಿಗೆ ಎತ್ತಿದ್ದಕ್ಕೆ, ಸ್ಕೂಟರಿನಲ್ಲಿ ಕೂತದ್ದಕ್ಕೆ, ಗ್ರಹಣದ ದಿನ ಹೊರಗೆ ಬಂದದ್ದಕ್ಕೆ ಆ ಲೆಕ್ಕ ತಪ್ಪುವುದಿಲ್ಲ. ಇದನ್ನು ಅಜ್ಜಿಯೇ ಬಾಯಿಬಿಟ್ಟು ಹೇಳಿದರೆ ಮನೆಯಲ್ಲಿ ಉಳಿದವರ ಬಾಯಿ ತಾನಾಗಿ ಮುಚ್ಚುತ್ತದೆ. ಡಾಕ್ಟರು ಹೇಳಿದರೂ ಅಷ್ಟು ಪರಿಣಾಮ ಆಗುವುದಿಲ್ಲ.

ಇನ್ನೊಂದು ಮಾತು, ನನ್ನ ವಯಸ್ಸಿನವರಿಗೆ. "ಏನಾದ್ರೂ ವಿಶೇಷ?" ಎಂದು ತಿಂಗಳು ತಿಂಗಳೂ ಕೇಳುತ್ತೇವಲ್ಲ, ಅದನ್ನು ಬಿಡಬೇಕು. ಖಾತೆದಾರರನ್ನು ಬಿಟ್ಟು ಇನ್ನೊಬ್ಬರಿಗೆ ಬ್ಯಾಲೆನ್ಸ್ ಹೇಳಬಾರದು ಎನ್ನುವುದು ಬ್ಯಾಂಕಿನಲ್ಲಿ ಮೊದಲ ವಾರ ಕಲಿಸುವ ಪಾಠ. ಗಂಡ ಬಂದು ಹೆಂಡತಿಯ ಖಾತೆ ಕೇಳಿದರೂ ಹೇಳುತ್ತಿರಲಿಲ್ಲ. ಕಿಟ್‌ನ ಗೆರೆ ಅದಕ್ಕಿಂತ ಖಾಸಗಿ. ಸೊಸೆ ಹೇಳಿದ ದಿನ ಕೇಳಿದರಾಯಿತು. ಬೀಗರಿಗೆ ಫೋನ್ ಮಾಡುವುದಿದ್ದರೆ ಅದೂ ಅವಳು ಒಪ್ಪಿದ ಮೇಲೆ.

ಕೊನೆಗೆ ರಜೆಯ ವಿಷಯ, ಇದು ಬಹಳ ಮನೆಗಳಿಗೆ ಗೊತ್ತೇ ಇಲ್ಲ. ನಾನು ಕೆಲಸಕ್ಕಿದ್ದ ಶಾಖೆಯೊಂದರಲ್ಲಿ ಪಕ್ಕದ ಕೌಂಟರಿನ ಹೆಣ್ಣುಮಗಳು ಹೀಗೇ ಕಳೆದುಕೊಂಡು, ಮೂರು ದಿನ ಕ್ಯಾಶುಯಲ್ ರಜೆ ಹಾಕಿ, ನಾಲ್ಕನೇ ದಿನ ಬಂದು ನೋಟು ಎಣಿಸುತ್ತಾ ಕೂತಿದ್ದರು. ಅರ್ಜಿ ತೆಗೆದುಕೊಂಡ ಅಧಿಕಾರಿ ಒಂದು ಮಾತೂ ಹೇಳಿರಲಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಒಂಬತ್ತನೇ ಕಲಮಿನಲ್ಲೇ, ಗರ್ಭಪಾತವಾದ ಮರುದಿನದಿಂದ ಆರು ವಾರ ಸಂಬಳಸಹಿತ ರಜೆ ಎಂದು ಬರೆದಿತ್ತು. ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಆಯಿತು. ಅದರಿಂದಾಗಿ ಕಾಯಿಲೆ ಬಿದ್ದರೆ ಮೇಲೆ ಒಂದು ತಿಂಗಳು. ಎಚ್‌ಸಿಜಿ ಇಳಿಯಲು ಹಲವರಿಗೆ ಹಿಡಿಯುವ ಅವಧಿಯೂ ಹೆಚ್ಚು ಕಡಿಮೆ ಅಷ್ಟೇ. ಕಾಯ್ದೆ ಬರೆದವರಿಗೆ ಅದು ಗೊತ್ತಿತ್ತೋ ಇಲ್ಲವೋ. ಮಗಳೋ ಸೊಸೆಯೋ ಕೆಲಸಕ್ಕೆ ಹೋಗುವವರಾದರೆ, ಆಸ್ಪತ್ರೆಯಿಂದ ಹೊರಡುವಾಗಲೇ ಡಾಕ್ಟರ ಪ್ರಮಾಣಪತ್ರ ಬರೆಸಿಕೊಂಡು, ಒಂದು ಜೆರಾಕ್ಸ್ ಮನೆಯಲ್ಲಿಟ್ಟು, ಅರ್ಜಿಯ ಜೊತೆ ಲಗತ್ತಿಸಿ ಕಳಿಸಿ. ಅರ್ಜಿ ತಲುಪಿದ್ದಕ್ಕೆ ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.